ಗುಳೆ ಹೋಗುವ ಮನೆಯ ಮಕ್ಕಳ ಓದು ಮತ್ತು ಕೆಲಸ: ಮಾರ್ಗದರ್ಶಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಹಳ್ಳಿ ಮತ್ತು ತಾಂಡಾಗಳಿಂದ ಪ್ರತಿ ವರ್ಷ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿವೆ. ಆ ಮನೆಯ ಮಕ್ಕಳನ್ನು ಶಾಲೆಯಲ್ಲಿ ಉಳಿಸಲು, ಓದು ಬಿಟ್ಟವರನ್ನು ಮತ್ತೆ ಓದಿಗೋ ಕಸುಬಿಗೋ ಹಚ್ಚಲು ಕೈಜೋಡಿಸುವ ಮಾರ್ಗದರ್ಶಿಗಳಿಗಾಗಿ ಈ ಪ್ರಶ್ನೋತ್ತರ. ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ನೌಕರರು, ಅರಿವು ಕೇಂದ್ರದ (ಗ್ರಾಮ ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರು, ಯುವಕ ಸಂಘದವರು, ಯಾರಾದರೂ ಈ ಕೆಲಸಕ್ಕೆ ಇಳಿಯಬಹುದು.

ಮಾರ್ಗದರ್ಶಿ ಅಂದರೆ ಟ್ಯೂಷನ್ ಹೇಳುವವರಾ?

ಅಲ್ಲ. ಪಾಠ ಹೇಳಿಕೊಟ್ಟರೆ ಒಳ್ಳೆಯದೇ, ಆದರೆ ಗುಳೆ ಮನೆಯ ಮಗು ಶಾಲೆ ಬಿಡುವುದು ಗಣಿತ ಬಾರದ್ದರಿಂದಲ್ಲ. ನಾಲ್ಕು ತಿಂಗಳು ಊರಲ್ಲಿಲ್ಲ, ವಾಪಸ್ ಬಂದಾಗ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಟಿಸಿ ಎಲ್ಲಿದೆಯೋ ಗೊತ್ತಿಲ್ಲ, ಅಪ್ಪನ ಫೋನ್ ನಂಬರ್ ಬದಲಾಗಿದೆ. ಓದಿನ ಎಳೆ ಹರಿಯುವುದು ಇಲ್ಲಿ. ಮಗುವಿನ ಕಾಗದಪತ್ರ ನೆಟ್ಟಗಿಡಿಸುವುದು, ಅರ್ಜಿಗಳ ತಾರೀಖು ನೆನಪಿಡುವುದು, ಕುಟುಂಬ ಎಲ್ಲಿದ್ದರೂ ಫೋನಿನಲ್ಲಿ ಸಿಗುವಂತೆ ನೋಡಿಕೊಳ್ಳುವುದು, ಇವು ಮಾರ್ಗದರ್ಶಿಯ ಮುಖ್ಯ ಕೆಲಸ. ಬುದ್ಧಿ ಹೇಳುವುದು ಆಮೇಲೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ನಾವೂ ಶುರು ಮಾಡಿದರೆ ಸಾಕಲ್ಲ?

ಸಾಲದು. ಜೂನ್‌ನಲ್ಲಿ ಎಲ್ಲರೂ ದಾಖಲಾತಿ ಆಂದೋಲನ ಮಾಡುತ್ತಾರೆ, ಹೆಸರೂ ಸೇರುತ್ತದೆ. ಮಗು ಕೈ ತಪ್ಪುವುದು ದಸರಾ ರಜೆಯ ನಂತರ. ಆದ್ದರಿಂದ ಸೆಪ್ಟೆಂಬರ್‌ನಲ್ಲೇ ಮನೆಮನೆಗೆ ಹೋಗಿ, ಈ ಸಲ ಯಾರು ಹೋಗುತ್ತಾರೆ, ಎಲ್ಲಿಗೆ, ಯಾವ ಮುಕಾದಮನ (ಮುಂಗಡ ಕೊಟ್ಟು ಕೂಲಿಯವರನ್ನು ಕರೆದೊಯ್ಯುವವನ) ಜೊತೆ, ಮಕ್ಕಳನ್ನು ಕರೆದುಕೊಂಡು ಹೋಗುತ್ತಾರಾ ಎಂದು ಬರೆದುಕೊಳ್ಳಬೇಕು.

ಎಲ್ಲ ಗುಳೆಯೂ ಒಂದೇ ತೆರನಲ್ಲ. ಕಬ್ಬು ಕಡಿಯಲು ಹೋಗುವವರು ದೀಪಾವಳಿಯ ಆಸುಪಾಸಿನಲ್ಲಿ ಹೊರಟು ಕಾರ್ಖಾನೆ ಹಂಗಾಮು ಮುಗಿಯುವತನಕ ಬರುವುದಿಲ್ಲ, ಏಕೆಂದರೆ ಮುಂಗಡ ತೀರಿರುವುದಿಲ್ಲ. ಇಟ್ಟಂಗಿ ಭಟ್ಟಿಗೆ ಹೋದವರು ಮಳೆಗಾಲ ಬರುವ ತನಕ ಅಲ್ಲೇ. ಬೆಂಗಳೂರು, ಪುಣೆಯ ಕಟ್ಟಡ ಕೆಲಸದವರು ಹಬ್ಬಕ್ಕೆ, ಜಾತ್ರೆಗೆ ಬಂದು ಹೋಗುತ್ತಾರೆ. ಊರಲ್ಲೇ ಉಳಿದವರ ಮನೆಯಲ್ಲೂ ನವೆಂಬರ್‌ನಿಂದ ಜನವರಿವರೆಗೆ ಹತ್ತಿ ಬಿಡಿಸಲು, ತೊಗರಿ ರಾಶಿಗೆ ಮಕ್ಕಳನ್ನು ನಿಲ್ಲಿಸಿಕೊಳ್ಳುತ್ತಾರೆ. ಒಂದೇ ಪಟ್ಟಿಯಲ್ಲಿ ಎಲ್ಲರನ್ನೂ 'ಗೈರು' ಎಂದು ಬರೆದರೆ ಯಾರಿಗೆ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ.

ಭೇಟಿಗೆ ಒಳ್ಳೆಯ ದಿನಗಳೆಂದರೆ ಎಳ್ಳಮಾವಾಸ್ಯೆ, ಸಂಕ್ರಾಂತಿ, ತಾಂಡಾಗಳಲ್ಲಿ ಸೇವಾಲಾಲ್ ಜಯಂತಿ ಮತ್ತು ಹೋಳಿ, ಎಲ್ಲೆಡೆ ಯುಗಾದಿ. ಆಗ ದೊಡ್ಡವರು ಊರಲ್ಲಿ ಸಿಗುತ್ತಾರೆ. ಹಬ್ಬದ ದಿನವೇ ಫೈಲು ಹಿಡಿದು ಹೋಗಬೇಡಿ. ಮರುದಿನ ಬೆಳಿಗ್ಗೆ ಹೋಗಿ.

ಒಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಹುದು?

ಬೇರೆ ಕೆಲಸವಿರುವವರು ನಾಲ್ಕೈದು ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ. ವಾರಕ್ಕೆ ಒಂದು ಮಗುವಿಗೆ ಒಂದು ಫೋನ್ ಕರೆ, ತಿಂಗಳಿಗೊಮ್ಮೆ ಮುಖಾಮುಖಿ ಭೇಟಿ, ಕಚೇರಿ ಕೆಲಸಕ್ಕೆ ಆಗಾಗ ಅರ್ಧ ದಿನ. ಹತ್ತು ಮಕ್ಕಳ ಹೆಸರು ಬರೆಸಿಕೊಂಡು ಯಾರಿಗೂ ಫೋನ್ ಮಾಡದ ಮಾರ್ಗದರ್ಶಿಯಿಂದ ಏನೂ ಉಪಯೋಗವಿಲ್ಲ. ಕರೆ ಮಾಡುವ ವೇಳೆ ರಾತ್ರಿ ಎಂಟರ ನಂತರ. ಹಗಲಿನಲ್ಲಿ ತಂದೆ-ತಾಯಿ ಕೆಲಸದಲ್ಲಿರುತ್ತಾರೆ, ಫೋನ್ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿರುತ್ತದೆ.

ಪ್ರತಿ ಕುಟುಂಬದ ಎರಡು ನಂಬರ್ ಇಟ್ಟುಕೊಳ್ಳಿ. ಒಂದು ಅವರದು, ಇನ್ನೊಂದು ಊರಲ್ಲೇ ಇರುವ ಅಜ್ಜ, ಕಾಕಾ ಅಥವಾ ಕಿರಾಣಿ ಅಂಗಡಿಯವರದು. ಮಹಾರಾಷ್ಟ್ರಕ್ಕೆ ಹೋದವರು ಸಿಮ್ ಬದಲಿಸುವುದು ಮಾಮೂಲು.

"ಮಗೀನ್ನ ಇಲ್ಲೇ ಬಿಟ್ಟು ಹೋದ್ರ ಯಾರು ನೋಡ್ಕೋತಾರ್ರೀ?" ಎಂದು ಪಾಲಕರು ಕೇಳಿದರೆ ಏನು ಹೇಳಬೇಕು?

ಪ್ರಶ್ನೆ ನ್ಯಾಯವಾದದ್ದು. 'ಓದು ಮುಖ್ಯ' ಎಂಬ ಭಾಷಣದಿಂದ ಉತ್ತರ ಸಿಗುವುದಿಲ್ಲ, ಉಳಿಯುವ ಜಾಗ ತೋರಿಸಬೇಕು.

ಮೊದಲ ಆಯ್ಕೆ ಸಂಬಂಧಿಕರ ಮನೆ. ಇಲ್ಲಿ ಅಡ್ಡಿಯಾಗುವುದು ಊಟದ ಖರ್ಚು. ಪಡಿತರ ಚೀಟಿಯ ಧಾನ್ಯವನ್ನು ಊರಲ್ಲಿ ಉಳಿದವರು ತಮ್ಮ ಪಾಲಿನಷ್ಟು ಇಲ್ಲೇ ತೆಗೆದುಕೊಂಡು, ಹೋದವರು ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ತಮ್ಮ ಪಾಲು ಪಡೆಯಲು 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಅವಕಾಶವಿದೆ. ಇಲ್ಲಿ ಉಳಿಯುವ ಅಜ್ಜಿಯ ಬೆರಳಚ್ಚು ಯಂತ್ರದಲ್ಲಿ ತಾಳೆಯಾಗುತ್ತದಾ ಎಂದು ಕುಟುಂಬ ಹೊರಡುವ ಮುಂಚೆಯೇ ನೋಡಿ. ದುಡಿದು ಸವೆದ ಬೆರಳು ಯಂತ್ರಕ್ಕೆ ಸಿಗದೆ ಅಕ್ಕಿ ನಿಂತರೆ ಮಗುವೂ ಮುಂದಿನ ವಾರ ಪುಣೆ ಬಸ್ಸು ಹತ್ತುತ್ತದೆ.

ಎರಡನೆಯದು ಋತುಮಾನ ವಸತಿ ಕೇಂದ್ರ. ವಲಸೆ ಮಕ್ಕಳಿಗಾಗಿ ಗುಳೆಯ ತಿಂಗಳುಗಳಲ್ಲಿ ಮಾತ್ರ ನಡೆಯುವ ಇಂಥ ಕೇಂದ್ರಕ್ಕೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಆದರೆ ಅದು ತಾನಾಗಿ ತೆರೆಯುವುದಿಲ್ಲ. ಯಾವ ಊರಿನಿಂದ ಎಷ್ಟು ಮಕ್ಕಳು ಎಂಬ ಪಟ್ಟಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ನೀವು ಬರೆದುಕೊಂಡ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವಿನ ಪ್ರತಿ ಲಗತ್ತಿಸಿದರೆ ಅರ್ಜಿಗೆ ತೂಕ.

ಹೆಣ್ಣುಮಕ್ಕಳಿಗೆ ಆರನೇ ತರಗತಿಯಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯವಿದೆ. ಶಾಲೆ ಬಿಟ್ಟ ಹುಡುಗಿಯರಿಗೆಂದೇ ಮಾಡಿದ ವಸತಿ ಶಾಲೆ ಅದು, ವರ್ಷದ ನಡುವೆಯೂ ಕೇಳಿ ನೋಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಹಾಗಲ್ಲ. ಅಲ್ಲಿ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ, ಆದ್ದರಿಂದ ಮಗು ಐದನೇ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಬೇಕು. ಐದನೇ ತರಗತಿಯ ಮಗು ನಿಮ್ಮ ಪಟ್ಟಿಯಲ್ಲಿದ್ದರೆ ಆ ಹೆಸರಿನ ಮುಂದೆ ಕೆಂಪು ಗುರುತು ಹಾಕಿ.

ಮಗುವನ್ನು ಕರೆದುಕೊಂಡೇ ಹೋಗುತ್ತಾರೆ. ಅಲ್ಲಿ ಏನು ಮಾಡಬಹುದು?

ಹೊರಡುವ ಮುಂಚೆ ಮಗುವಿನ ಕೈಗೆ ಒಂದು ಪ್ಲಾಸ್ಟಿಕ್ ಫೈಲ್ ಕೊಡಿ. ಅದರಲ್ಲಿ ಆಧಾರ್ ಜೆರಾಕ್ಸ್, ಜನನ ಪತ್ರದ ಜೆರಾಕ್ಸ್, ಸ್ಯಾಟ್ಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ ಬರೆದ ಚೀಟಿ, ಕಳೆದ ವರ್ಷದ ಅಂಕಪಟ್ಟಿ, ಮುಖ್ಯಗುರುಗಳಿಂದ ಒಂದು ವ್ಯಾಸಂಗ ದೃಢೀಕರಣ ಪತ್ರ ಇರಲಿ. ಅಸಲು ಕಾಗದ ಯಾವುದೂ ಬೇಡ. ಶೆಡ್ಡಿಗೆ ಬೆಂಕಿ ಬೀಳುತ್ತದೆ, ಮಳೆ ನೀರು ನುಗ್ಗುತ್ತದೆ.

ಮುಂಬೈಯಲ್ಲಿ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಿವೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಹೈದರಾಬಾದಿನ ಕೆಲಸದ ಜಾಗದ ಹತ್ತಿರ ಕನ್ನಡ ಮಾಧ್ಯಮ ಸಿಗುವುದು ಅಪರೂಪ. ಅಲ್ಲಿ ತೆಲುಗು ಶಾಲೆಯಲ್ಲಿ ನಾಲ್ಕು ತಿಂಗಳು ಕೂತರೆ ಏನು ಲಾಭ ಎಂದು ಪಾಲಕರು ಕೇಳುತ್ತಾರೆ. ಕಲಿಕೆ ಕಡಿಮೆಯಾದರೂ ಮಧ್ಯಾಹ್ನದ ಊಟ, ಸುರಕ್ಷಿತ ಜಾಗ ಸಿಗುತ್ತದೆ, ಹಾಜರಿಯ ದಾಖಲೆ ಉಳಿಯುತ್ತದೆ, ಇಟ್ಟಂಗಿ ಹೊರುವುದು ತಪ್ಪುತ್ತದೆ. ಇಷ್ಟೂ ಸಣ್ಣ ಲಾಭವಲ್ಲ. ವಾಪಸಾಗುವಾಗ ಆ ಶಾಲೆಯಿಂದ ಹಾಜರಿ ಪತ್ರ ಬರೆಸಿಕೊಂಡು ಬರಲು ಹೇಳಿ. ಎಲ್ಲರೂ ಮರೆಯುವ ಕಾಗದ ಇದೇ.

ಟಿಸಿ ಇಲ್ಲ, ಶಾಲೆಯವರು ಸೇರಿಸಿಕೊಳ್ಳುತ್ತಿಲ್ಲ. ಏನು ಮಾಡೋಣ?

6ರಿಂದ 14 ವರ್ಷದ ಮಗುವಾದರೆ ಕಾನೂನು ನಿಮ್ಮ ಕಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಸೆಕ್ಷನ್ 14ರ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ. ಸೆಕ್ಷನ್ 15ರ ಪ್ರಕಾರ ವರ್ಷದ ಯಾವ ತಿಂಗಳಲ್ಲಿ ಬಂದರೂ ಸೇರಿಸಿಕೊಳ್ಳಬೇಕು. ಸೆಕ್ಷನ್ 4ರಂತೆ ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹನ್ನೊಂದು ವರ್ಷದ ಹುಡುಗನನ್ನು ಎರಡನೇ ತರಗತಿಯಲ್ಲಿ ಕೂರಿಸಿದರೆ ನಾಚಿಕೊಂಡು ಮೂರೇ ದಿನಕ್ಕೆ ಬಿಡುತ್ತಾನೆ, ಅದಕ್ಕೇ ಈ ನಿಯಮ.

ಆದರೂ ಮುಖ್ಯಗುರುಗಳ ಮುಂದೆ ಸೆಕ್ಷನ್ ಹೇಳಿ ಜಗಳ ಶುರು ಮಾಡಬೇಡಿ. ಬಹಳ ಸಲ ಅಡ್ಡಿ ಅವರ ಮನಸ್ಸಲ್ಲ, ತಂತ್ರಾಂಶ. ಮಗುವಿನ ಹೆಸರು ಹಳೆಯ ಶಾಲೆಯ ಸ್ಯಾಟ್ಸ್ ಖಾತೆಯಲ್ಲೇ ಇರುತ್ತದೆ, ಅಲ್ಲಿಂದ ಬಿಡುಗಡೆಯಾಗದೆ ಇಲ್ಲಿ ಸೇರಿಸಲು ಬರುವುದಿಲ್ಲ. ಹಳೆಯ ಶಾಲೆಗೆ ನೀವೇ ಒಂದು ಫೋನ್ ಮಾಡಿಸಿ, ಮಗುವಿನ ಸ್ಯಾಟ್ಸ್ ಸಂಖ್ಯೆ ಕೊಡಿ. ಅದೂ ಆಗದಿದ್ದರೆ ಸಿಆರ್‌ಪಿ, ನಂತರ ಬಿಇಒ ಕಚೇರಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಮನವಿಗೆ ಕಚೇರಿಯಲ್ಲಿ ಬೆಲೆ ಇಲ್ಲ.

ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೂ ಇದೇ ನಿಯಮವಾ?

ಇಲ್ಲ. ಶಿಕ್ಷಣ ಹಕ್ಕಿನ ರಕ್ಷಣೆ ಎಂಟನೇ ತರಗತಿಗೆ ನಿಲ್ಲುತ್ತದೆ. ಎಸ್ಎಸ್ಎಲ್‌ಸಿ ಪರೀಕ್ಷೆಗೆ ಶಾಲಾ ಅಭ್ಯರ್ಥಿಯಾಗಿ ಕೂರಲು ಶೇ 75 ಹಾಜರಿ ಬೇಕು. ನವೆಂಬರ್‌ನಲ್ಲಿ ಹೋಗಿ ಮಾರ್ಚ್‌ನಲ್ಲಿ ಬಂದವರಿಗೆ ಅದು ಆಗುವುದಿಲ್ಲ. ಹತ್ತನೇ ತರಗತಿಯ ಮಗುವಿದ್ದ ಮನೆಯಲ್ಲಿ ಆ ಒಂದು ವರ್ಷವಾದರೂ ಮಗು ಊರಲ್ಲೇ ಉಳಿಯಬೇಕು ಎಂದು ನೀವು ಪಟ್ಟು ಹಿಡಿಯಬೇಕು. ಮಾರ್ಗದರ್ಶಿ ಗಟ್ಟಿಯಾಗಿ ಮಾತಾಡಬೇಕಾದ ಜಾಗಗಳು ಕಡಿಮೆ; ಇದು ಅವುಗಳಲ್ಲೊಂದು.

ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಇದು ಅಷ್ಟು ದೊಡ್ಡ ಸಮಸ್ಯೆಯಾ?

ಹೌದು, ವಿದ್ಯಾರ್ಥಿವೇತನದಿಂದ ಹಿಡಿದು ಪಿಎಫ್‌ವರೆಗೆ ಎಲ್ಲವನ್ನೂ ತಡೆಯುವುದು ಇದೇ. ನಮ್ಮ ಕಡೆ ಕಾಣುವ ತಪ್ಪುಗಳು ಬಹುಮಟ್ಟಿಗೆ ಹೀಗಿರುತ್ತವೆ. ಶಾಲೆಯಲ್ಲಿ ಶರಣಬಸಪ್ಪ, ಆಧಾರ್‌ನಲ್ಲಿ ಶರಣಪ್ಪ. ತಾಂಡಾ ಮಕ್ಕಳಿಗೆ ಒಂದು ಕಡೆ ರಾಠೋಡ, ಇನ್ನೊಂದು ಕಡೆ ಅಪ್ಪನ ಹೆಸರೇ ಅಡ್ಡಹೆಸರು. ಹುಟ್ಟಿದ ದಿನ ಗೊತ್ತಿಲ್ಲದ್ದರಿಂದ ಶಾಲೆಯಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1.

ಯಾವುದನ್ನು ತಿದ್ದಬೇಕು ಎಂಬುದನ್ನು ಮಗುವಿನ ತರಗತಿ ನೋಡಿ ತೀರ್ಮಾನಿಸಿ. ಎಸ್ಎಸ್ಎಲ್‌ಸಿ ಆಗಿದ್ದರೆ ಅಂಕಪಟ್ಟಿಯೇ ಅಂತಿಮ ಎಂದು ತಿಳಿದು, ಅದಕ್ಕೆ ಹೊಂದುವಂತೆ ಆಧಾರ್ ತಿದ್ದಿಸಿ. ಆಗಿಲ್ಲದಿದ್ದರೆ ಜನನ ಪ್ರಮಾಣ ಪತ್ರವನ್ನು ಆಧಾರವಾಗಿಟ್ಟು ಎರಡೂ ಕಡೆ ಒಂದೇ ಮಾಡಿ. ಹತ್ತನೇ ತರಗತಿಯಲ್ಲಿ ಬೋರ್ಡಿಗೆ ವಿದ್ಯಾರ್ಥಿಗಳ ವಿವರ ಕಳಿಸುವ ಮುಂಚೆ ಶಾಲೆಯಲ್ಲಿ ಪರಿಶೀಲನೆಗೆ ಕೊಡುತ್ತಾರೆ. ಆಗ ಮಗು ಊರಲ್ಲಿಲ್ಲದಿದ್ದರೆ ನೀವೇ ಹೋಗಿ ಅಕ್ಷರಕ್ಷರ ನೋಡಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿ ಎಂದರೆ ತಿಂಗಳುಗಟ್ಟಲೆ ಅಲೆದಾಟ.

ಆಧಾರ್‌ನಲ್ಲಿ ಹೆಸರು ಎರಡು ಸಲ, ಹುಟ್ಟಿದ ತಾರೀಖು ಒಂದೇ ಸಲ ಬದಲಿಸಬಹುದು. ಅವಸರಕ್ಕೆ ಬಿದ್ದು ತಪ್ಪು ತಾರೀಖು ಹಾಕಿಸಿದರೆ ಆ ಒಂದು ಅವಕಾಶವೂ ಹೋಯಿತು. 5 ಮತ್ತು 15 ವರ್ಷ ತುಂಬಿದಾಗ ಬೆರಳಚ್ಚು ಹೊಸದಾಗಿ ಕೊಡಬೇಕು. ಮೊಬೈಲ್ ನಂಬರ್ ಜೋಡಣೆಯನ್ನೂ ಆಗಲೇ ಮಾಡಿಸಿ. ಹಳೆಯ ನಂಬರ್ ಸತ್ತಿದ್ದರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಆನ್‌ಲೈನ್ ಅರ್ಜಿಗಳು ಮುಂದೆ ಸಾಗುವುದಿಲ್ಲ. ನಂಬರ್ ಬದಲಿಸಲು ಯಾವ ದಾಖಲೆಯೂ ಬೇಡ, ಅಂಚೆ ಕಚೇರಿ ಅಥವಾ ಬ್ಯಾಂಕಿನ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಸಾಕು.

ಮಗು ಪುಣೆಯಲ್ಲಿ ಹುಟ್ಟಿದ್ದು. ಜನನ ಪತ್ರ ಇಲ್ಲಿ ಸಿಗುತ್ತದಾ?

ಸಿಗುವುದಿಲ್ಲ. ಜನನ ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಹೆಸರಿಲ್ಲದೆ ನೋಂದಣಿ ಆಗಿರುವ ಸಾಧ್ಯತೆ ಹೆಚ್ಚು, ಡಿಸ್ಚಾರ್ಜ್ ಕಾಗದ ಹುಡುಕಿಸಿ. ನೋಂದಣಿಯೇ ಆಗಿಲ್ಲದಿದ್ದರೆ, ಒಂದು ವರ್ಷ ದಾಟಿದ ಮೇಲೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 1 ಅಕ್ಟೋಬರ್ 2023ರ ನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಆಧಾರ್‌ವರೆಗೆ ಹುಟ್ಟಿದ ತಾರೀಖಿನ ದಾಖಲೆ ಎಂದರೆ ಜನನ ಪತ್ರವೇ. ಗುಳೆ ಹೋಗುವ ಬಸುರಿ ಹೆಣ್ಣುಮಗಳಿಗೆ ಇದನ್ನು ಮೊದಲೇ ಹೇಳಿ: 21 ದಿನದೊಳಗೆ ನೋಂದಣಿ, ಆಸ್ಪತ್ರೆಯಿಂದ ಹೊರಡುವ ಮುಂಚೆ ಕಾಗದ ಕೈಗೆ.

ವಿದ್ಯಾರ್ಥಿವೇತನ ಮಂಜೂರಾಗಿದೆ ಅಂತಾರೆ, ಹಣ ಬಂದಿಲ್ಲ.

ಮೊದಲು ಬ್ಯಾಂಕಿಗೆ ಹೋಗಿ 'ಈ ಖಾತೆಗೆ ಎನ್‌ಪಿಸಿಐ ಜೋಡಣೆ ಆಗಿದೆಯಾ' ಎಂದು ಕೇಳಿ. ಸರ್ಕಾರದ ಹಣ ಆಧಾರ್ ಮೂಲಕ ಯಾವ ಖಾತೆಗೆ ಹೋಗಬೇಕೆಂದು ಗುರುತಿಸುವುದೇ ಈ ಜೋಡಣೆ. ಆಧಾರ್ ಕೊಟ್ಟಿದ್ದೇನೆ ಎಂದರೆ ಜೋಡಣೆ ಆಯಿತೆಂದಲ್ಲ, ಎರಡೂ ಬೇರೆ. ಎರಡು ಬ್ಯಾಂಕ್ ಖಾತೆ ಇದ್ದರೆ ಹಣ ಕೊನೆಗೆ ಜೋಡಣೆಯಾದ ಖಾತೆಗೆ ಹೋಗಿರುತ್ತದೆ. ಅದು ಮರೆತುಹೋದ ಹಳೆಯ ಖಾತೆಯೂ ಆಗಿರಬಹುದು. ಆಮೇಲೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಯಲ್ಲಿ ಹಾಕಿದ ಜಾತಿ, ಆದಾಯ ಪತ್ರಗಳ ಆರ್‌ಡಿ ಸಂಖ್ಯೆ (ಪತ್ರದ ಮೇಲಿರುವ ಸಂಖ್ಯೆ) ನೋಡಿ. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಬೇಕು.

ಕೈಬಿಡಬಾರದ ಇನ್ನೆರಡಿವೆ. ಎಂಟನೇ ತರಗತಿಯಲ್ಲಿ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಬರೆಯುವ ಎನ್‌ಎಂಎಂಎಸ್ (ರಾಷ್ಟ್ರೀಯ ವಿದ್ಯಾರ್ಥಿವೇತನ) ಪರೀಕ್ಷೆ ಒಂದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಈ ಪರೀಕ್ಷೆ ಸಾಮಾನ್ಯವಾಗಿ ಗುಳೆ ಕಾಲದಲ್ಲೇ ಬೀಳುತ್ತದೆ. ಇನ್ನೊಂದು, ತಂದೆ-ತಾಯಿ ಬೆಂಗಳೂರಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು. ಆ ಕಾರ್ಡಿನ ಮೇಲೆ ಮಕ್ಕಳ ಓದಿಗೆ ಸಹಾಯಧನ ಕೇಳಬಹುದು.

ಏಳನೇ ತರಗತಿಗೆ ಬಿಟ್ಟವನಿಗೆ ಈಗ 17 ವರ್ಷ. ದಾರಿ ಇದೆಯಾ?

ಇದೆ, ಆದರೆ ಅವನಿಗೆ ಏನು ಬೇಕು ಎಂದು ಮೊದಲು ಕೇಳಿ. 15 ವರ್ಷ ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ನೇರವಾಗಿ ಎಸ್ಎಸ್ಎಲ್‌ಸಿ ಬರೆಯಬಹುದು. ಅರ್ಜಿ ನಿಗದಿತ ಪ್ರೌಢಶಾಲೆಯ ಮೂಲಕ. ಮಾರ್ಚ್ ಪರೀಕ್ಷೆಯ ಅರ್ಜಿ ಹಿಂದಿನ ವರ್ಷವೇ ಮುಗಿಯುತ್ತದೆ, ಅಂದರೆ ಅವನು ಗುಳೆ ಹೊರಡುವ ಮುಂಚೆ ಅಥವಾ ದೀಪಾವಳಿಗೆ ಬಂದಾಗ ಸಹಿ ಮಾಡಿಸಿರಬೇಕು. ಆರೂ ವಿಷಯ ಒಟ್ಟಿಗೆ ಭಾರ ಎನಿಸಿದರೆ ಎನ್‌ಐಒಎಸ್ ಮುಕ್ತ ಶಾಲೆ ಇದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷದೊಳಗೆ ಬಿಡಿಬಿಡಿಯಾಗಿ ವಿಷಯ ಮುಗಿಸಬಹುದು. ದುಡಿಯುತ್ತಾ ಓದುವವರಿಗೆ ಇದು ಹೆಚ್ಚು ಹೊಂದುತ್ತದೆ. ನೋಂದಣಿಗೆ ಮುಂಚೆ ಅವನಿಗೆ ಓದಲು ಬರುವ ಮಾಧ್ಯಮ ಯಾವುದು ಸಿಗುತ್ತದೆ ಎಂದು ಖಚಿತಪಡಿಸಿಕೊಳ್ಳಿ.

ಎಸ್ಎಸ್ಎಲ್‌ಸಿ ಫೇಲಾದವರನ್ನು ಏನು ಮಾಡೋಣ?

2024ರ ಮೊದಲ ಪರೀಕ್ಷೆಯಲ್ಲಿ ಯಾದಗಿರಿ ಶೇ 50.59, 2025ರಲ್ಲಿ ಕಲಬುರಗಿ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗಿದ್ದವು. ಅಂದರೆ ಫೇಲಾದ ಹುಡುಗ ಒಂಟಿಯಲ್ಲ, ಅರ್ಧ ತರಗತಿ ಅವನ ಜೊತೆಗಿದೆ. ಫಲಿತಾಂಶ ಬಂದ ವಾರದಲ್ಲೇ ಮನೆಗೆ ಹೋಗಬೇಕು. ಅದೇ ವರ್ಷ ಮತ್ತೆ ಪರೀಕ್ಷೆ ಇರುತ್ತದೆ, ಅರ್ಜಿಗೆ ಸಿಗುವುದು ಕೆಲವೇ ದಿನ. ಆ ಕೆಲವು ದಿನದಲ್ಲಿ ಮನೆಯವರು 'ಹೋಗ್ಲಿ ಬಿಡ್ರೀ' ಎಂದು ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿಬಿಡುತ್ತಾರೆ. ಎರಡೇ ವಿಷಯ ಉಳಿದಿದ್ದರೆ ಎರಡಕ್ಕೇ ಓದಿಸಿ, ಕಳೆದ ವರ್ಷಗಳ ಪ್ರಶ್ನೆಪತ್ರಿಕೆ ಬರೆಸಿ. ಅರಿವು ಕೇಂದ್ರದಲ್ಲಿ ಸಂಜೆ ಎರಡು ತಾಸು ಕೂರಲು ಜಾಗ ಕೇಳಿಕೊಳ್ಳಿ.

ಕಸುಬಿನ ತರಬೇತಿಗೆ ಯಾರನ್ನು ಎಲ್ಲಿಗೆ ಕಳಿಸಬೇಕು?

ಎಂಟನೇ ತರಗತಿ ಪಾಸಾಗಿದ್ದರೆ ಐಟಿಐ ವೆಲ್ಡರ್ ಒಂದು ವರ್ಷ, ವೈರ್‌ಮನ್ ಎರಡು ವರ್ಷ. ಎಸ್ಎಸ್ಎಲ್‌ಸಿ ಆಗಿದ್ದರೆ ಎಲೆಕ್ಟ್ರಿಷಿಯನ್, ಫಿಟ್ಟರ್, ಎರಡೂ ಎರಡು ವರ್ಷ. ಎಲ್ಲರೂ ಎಲೆಕ್ಟ್ರಿಷಿಯನ್ ಕೇಳುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚು ಕಾಯಲಾಗದ ಮನೆಗೆ ವೆಲ್ಡರ್ ಒಳ್ಳೆಯದು. ಗಣಿತ ಚೆನ್ನಾಗಿರುವವರಿಗೆ ಕಲಬುರಗಿ ಅಥವಾ ಹುಮನಾಬಾದಿನ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ). ಎಸ್ಎಸ್ಎಲ್‌ಸಿ ನಂತರ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಹದಿನೆಂಟು ದಾಟಿ, ಊರಲ್ಲೇ ಸ್ವಂತ ಕೆಲಸ ಮಾಡಬೇಕೆನ್ನುವವರಿಗೆ ಆರ್‌ಸೆಟಿಯ (ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಯ) ಉಚಿತ ವಸತಿ ತರಬೇತಿ ಇದೆ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಇತ್ಯಾದಿ. ಆದರೆ ಅಂಗಡಿ ಹಾಕುವ ಜಾಗ, ಸಾಲದ ದಾರಿ ನೋಡದೆ ಕಳಿಸಿದರೆ ಗೋಡೆಗೊಂದು ಪ್ರಮಾಣ ಪತ್ರ ಬರುತ್ತದೆ, ಅಷ್ಟೆ.

ಪ್ರವೇಶಕ್ಕೆ ಮುಂಚೆ ಆ ಹುಡುಗನನ್ನು ಒಮ್ಮೆ ಕಾರ್ಯಾಗಾರದೊಳಗೆ ಕರೆದೊಯ್ದು ತೋರಿಸಿ. ವೆಲ್ಡಿಂಗ್ ಬೆಳಕು, ಬಿಸಿ, ನಿಂತೇ ಮಾಡುವ ಕೆಲಸ ನೋಡಿದ ಮೇಲೂ ಬೇಕು ಅಂದರೆ ಉಳಿಯುತ್ತಾನೆ.

371(ಜೆ) ಪ್ರಮಾಣ ಪತ್ರ ಗುಳೆ ಮನೆಯ ಮಕ್ಕಳಿಗೂ ಸಿಗುತ್ತದಾ?

ಸಿಗುತ್ತದೆ, ಮಾಡಿಸಲೇಬೇಕು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗಿರುವ ಮೀಸಲಾತಿಯ ಪತ್ರ ಇದು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು, ಸ್ಥಳೀಯ ವೃಂದದ ಹುದ್ದೆಗಳಲ್ಲಿ ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಸ್ಥಳೀಯರಿಗೆ ಮೀಸಲು. ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದ್ದರೆ ಕೆಲಸ ಸುಲಭ. ಮುಂಬೈಯಲ್ಲೋ ಬೆಂಗಳೂರಲ್ಲೋ ಹುಟ್ಟಿದ್ದರೆ ತಂದೆ ಅಥವಾ ತಾಯಿಯ ಕಡೆಯಿಂದ ಅರ್ಹತೆ ತೋರಿಸಬೇಕಾಗುತ್ತದೆ. ಅವರ ಟಿಸಿ, ಹಳೆಯ ಪಡಿತರ ಚೀಟಿ, ಮತದಾರರ ಪಟ್ಟಿಯ ಪ್ರತಿ, ಹೊಲದ ಪಹಣಿ ಇದ್ದರೆ ಜೋಡಿಸಿಡಿ. ಸಿಇಟಿ ಅರ್ಜಿ ಕರೆದ ಮೇಲೆ ಓಡಿದರೆ ಕಚೇರಿಯಲ್ಲಿ ಸಾಲು ಹನುಮಂತನ ಬಾಲ. ಪಿಯು ಮೊದಲ ವರ್ಷದಲ್ಲೇ ಮಾಡಿಸಿ.

ಕೆಲಸ ಸಿಕ್ಕಿತು ಅಂತ ಯಾರೋ ಫೋನ್ ಮಾಡಿದ್ದಾರೆ. ನಂಬಬಹುದಾ?

ಮೊದಲೇ ಹಣ ಕೇಳಿದರೆ ನಂಬಬೇಡಿ. ಯೂನಿಫಾರ್ಮಿಗೆ, ಐಡಿ ಕಾರ್ಡಿಗೆ, ತರಬೇತಿಗೆ ಎಂದು ಎರಡು ಸಾವಿರ ಕೇಳುವುದು ಹಳೆಯ ಮೋಸ. ಅಸಲು ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೂ ಬೇಡ. ನೇಮಕಾತಿ ಪತ್ರದಲ್ಲಿ ಕಂಪನಿಯ ಹೆಸರಿದೆಯೋ ಗುತ್ತಿಗೆದಾರನದೋ, ಸಂಬಳ ಎಷ್ಟು, ಅದರಲ್ಲಿ ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ) ಕಡಿತ ಎಷ್ಟು, ಕೈಗೆ ಬರುವುದೆಷ್ಟು, ಪಾಳಿ ಯಾವುದು ಎಂದು ಜೊತೆಗೆ ಕೂತು ಓದಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ ಅನ್ವಯ, ಕಾರ್ಮಿಕನ ಪಾಲು ಶೇ 0.75 ಮಾತ್ರ. ಅದಕ್ಕಿಂತ ಹೆಚ್ಚು ಹಿಡಿದರೆ ಯಾಕೆಂದು ಕೇಳುವ ಹಕ್ಕಿದೆ.

ಕೆಲಸಕ್ಕೆ ಸೇರಿಸಿದವರು ತಿಂಗಳೊಳಗೆ ವಾಪಸ್ ಬರುತ್ತಾರೆ. ಯಾಕೆ?

ಬಹುತೇಕ ಸಲ ಸೋಮಾರಿತನವಲ್ಲ, ಲೆಕ್ಕ. ಒಂದನೇ ತಾರೀಖು ಸೇರಿದವನಿಗೆ ಮೊದಲ ಸಂಬಳ ಮುಂದಿನ ತಿಂಗಳ ಏಳಕ್ಕೆ ಬಂದರೆ 37 ದಿನ ಕೈ ಖಾಲಿ. ಊಟ, ರೂಮಿನ ಅಡ್ವಾನ್ಸ್, ಬಸ್ ಪಾಸ್ ಎಲ್ಲ ಆ ಅವಧಿಯಲ್ಲೇ. ಗೌಂಡಿ ಕೆಲಸದಲ್ಲಿ ವಾರದ ಕೊನೆಗೆ ಬಟವಾಡೆ ಕಂಡವನಿಗೆ ತಿಂಗಳ ಸಂಬಳವೇ ಹೊಸದು, ಕಡಿತ ಕಳೆದು ಬಂದ ಮೊತ್ತ ಮೋಸದಂತೆ ಕಾಣುತ್ತದೆ. ಹೊರಡುವ ಮುಂಚೆ ಹಾಳೆಯ ಮೇಲೆ ದಿನದ ಲೆಕ್ಕ ಬರೆಯಿಸಿ; ಕೊರತೆ ಎಷ್ಟೆಂದು ಮನೆಯವರಿಗೂ ತಿಳಿಯಲಿ. ಅದೇ ಊರಿನ ಇಬ್ಬರನ್ನು ಒಂದೇ ಕಡೆ ಸೇರಿಸಿದರೆ ರೂಮೂ ಅಗ್ಗ, ಮನೆ ನೆನಪೂ ಕಡಿಮೆ. ಮೊದಲ ಎರಡು ವಾರ ದಿನ ಬಿಟ್ಟು ದಿನ ಫೋನ್ ಮಾಡಿ, ಮೂರು ತಿಂಗಳು ದಾಟುವವರೆಗೆ ವಾರಕ್ಕೊಮ್ಮೆ.

14 ವರ್ಷದ ಹುಡುಗನನ್ನು ಅಪ್ಪ ಕೆಲಸಕ್ಕೆ ಹಚ್ಚುತ್ತೇನೆ ಅನ್ನುತ್ತಾನೆ.

14 ತುಂಬದ ಮಕ್ಕಳಿಗೆ ಕೂಲಿ ಕೆಲಸ ನಿಷೇಧ. 14ರಿಂದ 18ರವರೆಗೆ ಅಪಾಯಕಾರಿ ಕೆಲಸ ನಿಷೇಧ. ಮಗು ಮುಂಗಡದ ಸಾಲಕ್ಕೆ ಸಿಕ್ಕಿಬಿದ್ದಿದ್ದರೆ ಅದು 1976ರ ಜೀತ ಪದ್ಧತಿ ನಿರ್ಮೂಲನೆ ಕಾಯ್ದೆಯ ವಿಷಯ, ಮುಕಾದಮನ ಜೊತೆ ನೀವೇ ಮಾತಿಗೆ ಇಳಿಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹುಡುಗಿಗೆ ಮದುವೆ ಗೊತ್ತು ಮಾಡಿದ್ದಾರೆ ಅಂತ ತಿಳಿಯಿತು.

ಗುಳೆ ಹೋಗುವ ಮುಂಚೆ ಬೆಳೆದ ಮಗಳನ್ನು 'ಜವಾಬ್ದಾರಿ ಮುಗಿಸಿ' ಹೋಗೋಣ ಎಂಬ ಭಯದಿಂದ ಈ ಮದುವೆಗಳು ನಡೆಯುತ್ತವೆ. ಆದ್ದರಿಂದ ಅವಳಿಗೆ ಭದ್ರವಾದ ಹಾಸ್ಟೆಲ್ ತೋರಿಸಿದಾಗ ಎಷ್ಟೋ ಮನೆಗಳಲ್ಲಿ ಮಾತು ನಿಲ್ಲುತ್ತದೆ. ದಿನ ಹತ್ತಿರವಾಗಿದ್ದರೆ ಕಾಯಬೇಡಿ, 1098. ಮಾಹಿತಿ ಕೊಟ್ಟವರು ಯಾರೆಂದು ಊರಲ್ಲಿ ಬಾಯಿಬಿಡಬೇಡಿ. ಹುಡುಗಿಯರಿಗೆ ಮಹಿಳಾ ಮಾರ್ಗದರ್ಶಿಯೇ ಇರಲಿ, ಭೇಟಿ ನಾಲ್ಕು ಜನ ಓಡಾಡುವ ಜಾಗದಲ್ಲಾಗಲಿ.

ಮಕ್ಕಳಿಗೆ ನಮ್ಮ ಕೈಯಿಂದ ಹಣ ಕೊಡಬಹುದಾ?

ಬೇಡ. ಫೀಸು ಕಟ್ಟಬೇಕಾದರೆ ನೇರವಾಗಿ ಸಂಸ್ಥೆಗೆ ಕಟ್ಟಿ ರಸೀದಿ ಪಡೆಯಿರಿ. ಕೈಗಡ ಕೊಟ್ಟ ಮಾರ್ಗದರ್ಶಿಯ ಫೋನ್ ಎತ್ತಲು ಕುಟುಂಬ ಹಿಂಜರಿಯುತ್ತದೆ.

ಬೇರೆ ದೇಶದಿಂದ ಬಂದ ನಿರಾಶ್ರಿತರ ಮಕ್ಕಳು ಸಿಕ್ಕರೆ?

ಕರ್ನಾಟಕದಲ್ಲಿ ನಿರಾಶ್ರಿತರ ನೆಲೆಗಳೆಂದರೆ ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲ ಭಾಗದ ಟಿಬೆಟನ್ ಶಿಬಿರಗಳು, ನಮಗೆ ಹತ್ತಿರದಲ್ಲಿ ಸಿಂಧನೂರಿನ ಬಂಗಾಲಿ ಕ್ಯಾಂಪುಗಳು. ನಮ್ಮ ಮೂರು ಜಿಲ್ಲೆಗಳಲ್ಲಿ ಇಂಥ ಪ್ರಕರಣ ವಿರಳ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಯಾರಿಗೆ ಯಾವ ಕಾಗದ ಇದೆ ಎಂಬುದರ ಮೇಲೆ ಉದ್ಯೋಗದ ಅವಕಾಶ ನಿಲ್ಲುತ್ತದೆ. ಶಾಲೆಯ ಮಾತು ಬೇರೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ 'ಪ್ರತಿ ಮಗು' ಎನ್ನುತ್ತದೆ, ಪೌರತ್ವ ಕೇಳುವುದಿಲ್ಲ. ದಾಖಲೆ, ವಾಸದ ಅನುಮತಿ, ಕೆಲಸದ ಅನುಮತಿಗಳ ವಿಷಯದಲ್ಲಿ ಊಹೆಯ ಸಲಹೆ ಕೊಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದೊಯ್ಯಿರಿ, ಅಲ್ಲಿ ವಕೀಲರ ಸಲಹೆ ಉಚಿತ.

ಮಾರ್ಗದರ್ಶಿಗೇ ವರ್ಗವಾದರೆ, ಮದುವೆಯಾಗಿ ಊರು ಬಿಟ್ಟರೆ?

ಪ್ರತಿ ಮಗುವಿಗೆ ಒಂದು ಹಾಳೆ ಇರಲಿ. ಸ್ಯಾಟ್ಸ್ ಸಂಖ್ಯೆ, ಎರಡು ಫೋನ್ ನಂಬರ್, ಯಾವ ಅರ್ಜಿ ಎಲ್ಲಿದೆ, ಮುಂದಿನ ತಾರೀಖು ಯಾವುದು, ಕುಟುಂಬ ಹೋಗುವ ಊರು ಮತ್ತು ತಿಂಗಳು. ಆಧಾರ್ ಸಂಖ್ಯೆ ಪೂರ್ತಿ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಹೊಸಬರಿಗೆ ಹಾಳೆ ಕೊಡುವ ದಿನ ಇಬ್ಬರೂ ಒಟ್ಟಿಗೆ ಮನೆಗೆ ಹೋಗಿ, ಹೊಸ ನಂಬರ್ ಅವರ ಫೋನಿನಲ್ಲಿ ಸೇವ್ ಮಾಡಿಸಿ. ಈ ಹಸ್ತಾಂತರ ಆಗಸ್ಟ್ ಒಳಗೆ ಮುಗಿದರೆ ಸೆಪ್ಟೆಂಬರ್‌ನ ಪಟ್ಟಿ ಕೆಲಸವನ್ನು ಹೊಸಬರೇ ಹಿಡಿಯಬಹುದು.